ಅರ ಹಿಡಿಯುವ ಕೈಗೂ ಪದವಿಗೂ ನಡುವೆ

ಕಳೆದ ಬೇಸಿಗೆಯಲ್ಲಿ ನನ್ನ ಮಗಳು ಎಂಟು ವಾರಗಳ ಕಾಲ ಬೆಳಿಗ್ಗೆ ಏಳಕ್ಕೆಲ್ಲ ಸ್ಟುಟ್‌ಗಾರ್ಟ್ ಹೊರವಲಯದ ಕಾರ್ಖಾನೆಯೊಂದರ ತರಬೇತಿ ಶಾಲೆಗೆ ಹೋಗಿ, ಸಂಜೆ ಉಗುರುಸಂದಿಯಲ್ಲಿ ಕಪ್ಪು ತುಂಬಿಕೊಂಡು ಮನೆಗೆ ಬರುತ್ತಿದ್ದಳು. ಅವಳಿನ್ನೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿರಲಿಲ್ಲ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವವರು ತರಗತಿಗೆ ಸೇರುವ ಮೊದಲು, ಇಲ್ಲವೇ ಆರಂಭದ ಸೆಮಿಸ್ಟರುಗಳ ರಜೆಯಲ್ಲಿ, ಕೆಲವು ವಾರ ಕೈಯಾರೆ ಕೆಲಸ ಮಾಡಿ ಪ್ರಮಾಣಪತ್ರ ತರಬೇಕೆಂಬ ನಿಯಮ ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ಮೊದಲ ವಾರ ಅವಳಿಗೆ ಯಂತ್ರ ಮುಟ್ಟಲು ಬಿಡಲಿಲ್ಲ. ವೈಸಿನಲ್ಲಿ, ಅಂದರೆ ಮೇಜಿಗೆ ಕೂರಿಸಿದ ಇಕ್ಕಳದಲ್ಲಿ, ಬಿಗಿದ ಉಕ್ಕಿನ ತುಂಡನ್ನು ಅರದಿಂದ ಉಜ್ಜಿ ಮಟ್ಟಸ ಮಾಡುವುದು, ಅಂಚಿಗೆ ಟ್ರೈ ಸ್ಕ್ವೇರ್ ಎಂಬ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುವುದು, ಸಂದಿನಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜುವುದು, ಇಷ್ಟೇ ಕೆಲಸ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು, “ಅಪ್ಪ, ನೀನು ಕಾಲೇಜಿನಲ್ಲಿ ಎಷ್ಟು ದಿನ ಅರ ಹಿಡಿದಿದ್ದೆ?” ಎಂದು ಕೇಳಿದಳು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಆರಂಭವಾದ 1998ರಲ್ಲೇ ನಾನು ಇಂಜಿನಿಯರಿಂಗ್ ಸೇರಿದವನು. ಮೊದಲ ವರ್ಷದ ಒಂದು ಸೆಮಿಸ್ಟರಿನಲ್ಲಿ ವಾರಕ್ಕೊಮ್ಮೆ ಮೂರು ಗಂಟೆ ವರ್ಕ್‌ಶಾಪ್ ಇರುತ್ತಿತ್ತು. ಒಂದೊಂದು ವೈಸಿನ ಸುತ್ತ ನಾಲ್ಕೈದು ಮಂದಿ ನಿಲ್ಲುತ್ತಿದ್ದೆವು. ಫಿಟ್ಟಿಂಗ್ ಮಾದರಿಯನ್ನು ಕೊನೆಗೆ ಸರಿಪಡಿಸಿ ಕೊಡುತ್ತಿದ್ದವರು ಇನ್‌ಸ್ಟ್ರಕ್ಟರ್. ನಮ್ಮ ಶ್ರಮವೆಲ್ಲ ರೆಕಾರ್ಡ್ ಬರೆಯುವುದಕ್ಕೂ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಅರದ ಬಗೆಗಳ ಹೆಸರನ್ನು ಉರುಹೊಡೆಯುವುದಕ್ಕೂ ಸಲ್ಲುತ್ತಿತ್ತು. ಮಗಳಿಗೆ ಲೆಕ್ಕ ಹಾಕಿ ಹೇಳಿದೆ: ಎಲ್ಲ ಸೇರಿಸಿದರೂ ಒಂದು ದಿನ ಆಗಲಿಕ್ಕಿಲ್ಲ.

ನಮ್ಮ ಓದು ಕಳಪೆಯಾಗಿತ್ತೆಂದು ನಾನು ಹೇಳುತ್ತಿಲ್ಲ. ಸ್ನಾತಕೋತ್ತರ ಪದವಿಗೆಂದು ಇಲ್ಲಿಗೆ ಬಂದಾಗ ಗಣಿತದಲ್ಲಾಗಲಿ, ಉಷ್ಣಗತಿಶಾಸ್ತ್ರದಲ್ಲಾಗಲಿ ನಾನು ಯಾರಿಗೂ ಹಿಂದೆ ಬೀಳಲಿಲ್ಲ. ಕೊರತೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ. 8 ಮಿಲಿಮೀಟರಿನ ಬೋಲ್ಟು ಸಲೀಸಾಗಿ ತೂರಿ ಹೋಗಲೆಂದು ಕೊರೆಯುವ 9 ಮಿಲಿಮೀಟರಿನ ರಂಧ್ರಕ್ಕೆ ನಾನು ನಕ್ಷೆಯಲ್ಲಿ ಎಚ್7 ಎಂದು ಬರೆದಿದ್ದೆ. ಅಂದರೆ ಆ ರಂಧ್ರ 9 ಮಿಲಿಮೀಟರಿಗಿಂತ ಚಿಕ್ಕದಾಗಕೂಡದು, 0.015 ಮಿಲಿಮೀಟರಿಗಿಂತ ಹೆಚ್ಚು ದೊಡ್ಡದೂ ಆಗಕೂಡದು. ಡ್ರಿಲ್ ಹಾಕಿದರೆ ಮುಗಿಯುವ ಕೆಲಸಕ್ಕೆ ಕೊರೆದ ರಂಧ್ರವನ್ನು ನಿಖರ ಅಳತೆಗೆ ತರುವ ರೀಮರ್ ಬೇಕು, ಪ್ರತಿ ರಂಧ್ರವನ್ನೂ ಅಳತೆಯ ಗೇಜ್ ಹಾಕಿ ಪರೀಕ್ಷಿಸಬೇಕು. ಶಾಪಿನ ಹಿರಿಯ ಮೇಸ್ತ್ರಿಯೊಬ್ಬರು ಆ ನಕ್ಷೆಯನ್ನು ನನ್ನ ಮೇಜಿಗೇ ತಂದು, ಈ ರಂಧ್ರದಲ್ಲಿ ಏನು ಕೂರುತ್ತದೆ ಎಂದು ಶಾಂತವಾಗಿ ಕೇಳಿದರು. ಎಚ್7ರ ಕೋಷ್ಟಕ ನನಗೆ ಬಾಯಿಪಾಠವಿತ್ತು. ಆದರೆ ಆ ಎರಡು ಅಕ್ಷರ ಇನ್ನೊಬ್ಬರ ಕೈಯ ಮೇಲೆ ಎಷ್ಟು ಹೊರೆ ಹೊರಿಸುತ್ತವೆ ಎಂಬುದನ್ನು ನನ್ನ ಕೈ ಎಂದೂ ಅರಿತಿರಲಿಲ್ಲ.

ಇದು ಜರ್ಮನರಿಗೆ ಮಾತ್ರ ದಕ್ಕಿದ ವಿದ್ಯೆಯೆಂದು ಭಾವಿಸುವವರಿಗೆ ನಾನು ಬೆಂಗಳೂರಿನ ಆಡುಗೋಡಿಯನ್ನು ನೆನಪಿಸುತ್ತೇನೆ. ಬಾಷ್ ಕಂಪನಿಯ ಸಹಯೋಗದಲ್ಲಿ 1951ರಲ್ಲಿ ಶುರುವಾಗಿ ಬೆಂಗಳೂರಿಗರ ಬಾಯಲ್ಲಿ ಮೈಕೋ ಎಂದೇ ಉಳಿದ ಕಾರ್ಖಾನೆಯ ತರಬೇತಿ ಕೇಂದ್ರದಲ್ಲಿ ಇದೇ ಕ್ರಮದ ಪಾಠ ದಶಕಗಳಿಂದ ನಡೆದಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ನಾವೆಲ್ಲ ಜಿಟಿಟಿಸಿ ಎಂದು ಕರೆಯುವ ಸಂಸ್ಥೆ, ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿ ಇಂದು ರಾಜ್ಯದ ಹಲವು ಊರುಗಳಲ್ಲಿದೆ. 1917ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿಸಿದ ಸರ್ ಎಂ. ವಿಶ್ವೇಶ್ವರಯ್ಯನವರೇ 1943ರಲ್ಲಿ ಕಸುಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆಯನ್ನೂ ಕಟ್ಟಿದರು. ಎರಡೂ ನಮ್ಮಲ್ಲಿವೆ, ಒಂದರ ಹುಡುಗರು ಇನ್ನೊಂದರ ಬಾಗಿಲು ದಾಟುವುದಿಲ್ಲ. ಐಟಿಐ ಓದುವವನು ಕೈ ಕೆಸರು ಮಾಡಿಕೊಳ್ಳಬೇಕು, ಬಿ.ಇ. ಓದುವವನು ಮಾಡಿಕೊಳ್ಳಬಾರದು ಎಂಬ ಎಣಿಕೆ ಸಿಲಬಸ್ಸಿಗಿಂತ ಹಳೆಯದು, ಮತ್ತು ಅದು ಜಾತಿಯಿಂದ ಬಂದದ್ದು ಎಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮ ತರಗತಿಗೆ ಎರಡನೆಯ ವರ್ಷಕ್ಕೆ ಡಿಪ್ಲೊಮಾ ಮುಗಿಸಿ ನೇರ ಸೇರಿದವರು ಕೆಲವರಿದ್ದರು. ಲೇತಿನ ಸದ್ದು ಕೇಳಿಯೇ ಟೂಲ್ ಮೊಂಡಾಗಿದೆ ಎನ್ನಬಲ್ಲವರು ಅವರು. ಗಣಿತದ ಪತ್ರಿಕೆಯಲ್ಲಿ ಅವರು ಮುಗ್ಗರಿಸಿದಾಗ ನಾವು ಅವರನ್ನು ದಡ್ಡರ ಸಾಲಿಗೆ ಸೇರಿಸಿದೆವು. ಅವರಿಂದ ಕಲಿಯಬೇಕಿತ್ತು ಎಂಬ ಅರಿವು ನನಗೆ ಬಂದದ್ದು ತೀರ ತಡವಾಗಿ.

ಇದರಲ್ಲಿ ಭಾಷೆಯ ಪಾಲೂ ದೊಡ್ಡದು. ಇಲ್ಲಿ ಮೇಸ್ತ್ರಿ ಅರಕ್ಕೆ ಯಾವ ಹೆಸರು ಹೇಳುತ್ತಾನೋ ಪ್ರಾಧ್ಯಾಪಕನೂ ಅದನ್ನೇ ಹೇಳುತ್ತಾನೆ, ಪರೀಕ್ಷೆಯ ಉತ್ತರದಲ್ಲೂ ಅದೇ ಇರುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್ ಕನ್ನಡದಲ್ಲಿ, “ಅರಾನ ಹಿಂದಕ್ಕೆ ಎಳೀವಾಗ ಒತ್ತಬೇಡಪ್ಪ, ಹಲ್ಲು ಹೋಗುತ್ತೆ” ಎಂದು ಹೇಳಿಕೊಟ್ಟದ್ದು ಈ ಹೊತ್ತಿಗೂ ನೆನಪಿದೆ. ಇಂಗ್ಲಿಷಿನ ರೆಕಾರ್ಡಿನಲ್ಲಿ ಬರೆದದ್ದರ ಒಂದು ಸಾಲೂ ನೆನಪಿಲ್ಲ. ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ ಅನುಮತಿ ಕೊಟ್ಟಾಗ ನಡೆದ ಚರ್ಚೆಯೆಲ್ಲ ಪಠ್ಯಪುಸ್ತಕಗಳ ಅನುವಾದದ ಸುತ್ತಲೇ ಸುತ್ತಿತು. ವರ್ಕ್‌ಶಾಪಿನಲ್ಲಿ ಆಗಲೇ ಜೀವಂತವಾಗಿರುವ ಕನ್ನಡದಿಂದ ಆರಂಭಿಸಿದ್ದರೆ ದಾರಿ ಸುಲಭವಾಗುತ್ತಿತ್ತೆಂದು ನನ್ನ ಅನಿಸಿಕೆ.

ಜರ್ಮನಿಯ ಪದ್ಧತಿಯನ್ನು ಹಾಗೆಯೇ ತರಬೇಕೆಂದು ನಾನು ಬಯಸುವುದಿಲ್ಲ. ಇಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ಹತ್ತು ವರ್ಷದ ಮಗುವಿನ ಮುಂದಿನ ದಾರಿ ಆಗಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೆ ಇದರಿಂದ ಆಗುವ ನಷ್ಟವನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ವಿಶ್ವವಿದ್ಯಾಲಯದಲ್ಲಿ ಒಂದು ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರನೆಯ ಸಲ ನಪಾಸಾದರೆ ಆ ಕೋರ್ಸಿನಿಂದಲೇ ಹೊರಬೀಳಬೇಕು. ನಮ್ಮಲ್ಲಿ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ಸಿಇಟಿಯಲ್ಲಿ ಮೀಸಲಾತಿಯಿದೆ. ಇಯರ್ ಬ್ಯಾಕ್ ಆದ, ಅಂದರೆ ಮುಂದಿನ ವರ್ಷಕ್ಕೆ ಹೋಗಲಾಗದೆ ಉಳಿದ, ಹುಡುಗನೂ ಬಾಕಿ ಪತ್ರಿಕೆಗಳನ್ನು ಕಟ್ಟಿ ಮೇಲೇಳುವ ಅವಕಾಶವಿದೆ. ಇದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು.

ನಾನು ಕೇಳುವುದು ಆರು ವಾರ ಮಾತ್ರ. ವಿಟಿಯು ಇರುವ ಬೆಳಗಾವಿಯಲ್ಲೇ ಉದ್ಯಮಬಾಗಿನ ಫೌಂಡ್ರಿಗಳಿವೆ, ಬೆಂಗಳೂರಿನಲ್ಲಿ ಪೀಣ್ಯದ ಸಣ್ಣ ಕಾರ್ಖಾನೆಗಳಿವೆ, ಜಿಟಿಟಿಸಿಗಳಂತೂ ಇದ್ದೇ ಇವೆ. ಮೊದಲ ವರ್ಷದ ರಜೆಯಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿ, ಕಲಿಸುವ ಫಿಟ್ಟರಿಗೆ ಬೋಧಕರಿಗೆ ಸಲ್ಲುವ ಗೌರವಧನವನ್ನೇ ಕೊಟ್ಟು, ಅಂಕವನ್ನೂ ಅವರೇ ಹಾಕುವಂತೆ ಮಾಡಬೇಕು. ಆ ಆರು ವಾರದ ರೆಕಾರ್ಡನ್ನು ವಿದ್ಯಾರ್ಥಿ ತಾನು ಕೇಳಿಸಿಕೊಂಡ ಮಾತಿನಲ್ಲಿಯೇ ಬರೆಯಲಿ, ಅದನ್ನು ಆ ಫಿಟ್ಟರೇ ಓದಿ ಸಹಿ ಮಾಡಲಿ.