ಹೊಳೆಯಲ್ಲಿ ಹುಣಸೆಹಣ್ಣು

ನಿನ್ನೆ ಇಲ್ಲಿನ ಹಿರಿಯರೊಬ್ಬರ ಮನೆಯಲ್ಲಿ ಬಿಸಿಬೇಳೆಬಾತ್ ತಿನ್ನುತ್ತಾ ಕುಳಿತಿದ್ದಾಗ ಅವರಾಡಿದ ಮಾತು ಇನ್ನೂ ನನ್ನ ಗಂಟಲಿನಿಂದ ಕೆಳಗಿಳಿದಿಲ್ಲ. "ಪಕ್ಷೇತರರಿಗೆ ಮತ ಹಾಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಣಯ್ಯಾ!" ವಯಸ್ಸಿಗೆ ಮರ್ಯಾದೆ ಕೊಟ್ಟು ಅಲ್ಲಿ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಲಾರೆ.

ನಾನಿರುವುದು ಟೊರಾಂಟೊದಲ್ಲಿ. (ಕೆನಡಾದ್ದಲ್ಲ ಮಾರಾಯರೇ, ಎಷ್ಟು ಸಲ ಹೇಳಲಿ? ಆಸ್ಟ್ರೇಲಿಯಾದ ಲೇಕ್ ಮ್ಯಾಕ್ವಾರಿ ಸರೋವರದ ದಂಡೆಯದ್ದು.) ನಮ್ಮ ಶಾಸಕರು ಗ್ರೆಗ್ ಪೈಪರ್, ಪಕ್ಷೇತರರು. 2004ರಿಂದ 2012ರವರೆಗೆ ಲೇಕ್ ಮ್ಯಾಕ್ವಾರಿ ನಗರದ ಮೇಯರ್ ಆಗಿದ್ದವರು, ಅದೂ ಜನರ ನೇರ ಮತದಿಂದ. ಕರ್ನಾಟಕದ ನಮ್ಮೂರಿನಲ್ಲಿ ಮೇಯರ್ ಗೌನನ್ನು ಒಗೆದು ಒಣಗಿಸುವಷ್ಟರಲ್ಲಿ ಒಂದು ವರ್ಷದ ಅವಧಿಯೇ ಮುಗಿದಿರುತ್ತದೆ. ಹಾಗಾಗಿ ಎಂಟು ವರ್ಷ ಎಂದರೆ ನಮಗೆ ನಂಬಿಕೆಯೇ ಬರುವುದಿಲ್ಲ. ಮೇಯರ್ ಆಗಿರುವಾಗಲೇ, 2007ರಲ್ಲಿ, ಲೇಬರ್ ಪಕ್ಷದ ಹಾಲಿ ಶಾಸಕರನ್ನು ಕೂದಲೆಳೆಯ ಅಂತರದಲ್ಲಿ ಸೋಲಿಸಿ ನ್ಯೂ ಸೌತ್ ವೇಲ್ಸ್ ವಿಧಾನಸಭೆಗೆ ಹೋದರು. ಆಮೇಲೆ 2011, 2015, 2019, 2023. ಇಷ್ಟು ಸಲ ತೊಳೆದಿದ್ದರೆ ಹೊಳೆಯೇ ಹುಳಿಯಾಗಬೇಕಿತ್ತಲ್ಲವೇ?

"ಒಬ್ಬರಿಗೆ ಎರಡು ಕುರ್ಚಿ ಏಕೆ?" ಎಂದೂ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ 2012ರಲ್ಲಿ ಆಗಿನ ಸರ್ಕಾರ ಶಾಸಕರು ನಗರ ಕೌನ್ಸಿಲಿನಲ್ಲಿ ಇರಬಾರದೆಂದು ಕಾನೂನು ತಂದಾಗ, ಅದರ ಗುರಿ ಸಿಡ್ನಿಯ ಮೇಯರ್ ಕ್ಲೋವರ್ ಮೂರ್ ಎಂಬುದು ಬೀದಿಯ ಮಕ್ಕಳಿಗೂ ಗೊತ್ತಿತ್ತು. ಅವರೂ ಪಕ್ಷೇತರರೇ! ಆಕೆ ಮೇಯರ್ ಕುರ್ಚಿಯನ್ನು ಉಳಿಸಿಕೊಂಡು ವಿಧಾನಸಭೆಯನ್ನು ಬಿಟ್ಟರು, ನಮ್ಮವರು ವಿಧಾನಸಭೆಯನ್ನು ಉಳಿಸಿಕೊಂಡು ಮೇಯರ್ ಪಟ್ಟ ಬಿಟ್ಟರು. ಲೆಕ್ಕಕ್ಕೇ ಇಲ್ಲದವರಿಗಾಗಿ ಯಾರಾದರೂ ಕಾನೂನು ಮಾಡುತ್ತಾರೆಯೇ ಸ್ವಾಮಿ?

ಇನ್ನು, "ಪಕ್ಷೇತರರು ಬಿಕರಿಗೆ ಇರುವವರು" ಎಂಬ ವಾದ. ಕರ್ನಾಟಕದಲ್ಲಿ 2008ರಲ್ಲಿ ಬಹುಮತಕ್ಕೆ ಮೂರು ಸ್ಥಾನ ಕಡಿಮೆಯಾದಾಗ ಪಕ್ಷೇತರರು ಮಂತ್ರಿಗಳಾದ ಕಥೆಯನ್ನು ಹಿರಿಯರು ಉಪ್ಪಿನಕಾಯಿಯಂತೆ ನೆಕ್ಕಿ ನೆಕ್ಕಿ ಹೇಳಿದರು. ಸರಿ. ಅಂಗಡಿ ಇಟ್ಟವರನ್ನು ಬಿಟ್ಟು ಸರಕನ್ನು ಮಾತ್ರ ಬೈಯುವುದು ಯಾವ ಸೀಮೆಯ ನ್ಯಾಯ?

ಒಂದು ಗುಟ್ಟು ಹೇಳಿಬಿಡುತ್ತೇನೆ. ಇಲ್ಲಿ ನನ್ನ ಮೊದಲ ಮತವನ್ನು ನಾನೂ ಪಕ್ಷದ ಹೆಸರು ನೋಡಿಯೇ ಹಾಕಿದ್ದೆ. ಒಂದು ಕೈಯಲ್ಲಿ ಮತಗಟ್ಟೆಯ ಬಳಿ ಮಾರುವ, ಈರುಳ್ಳಿ ಸುರಿದ ಬ್ರೆಡ್ಡು, ಇನ್ನೊಂದರಲ್ಲಿ ಮತಪತ್ರ ತುಂಬುವ ಪೆನ್ಸಿಲ್. ಅಭ್ಯರ್ಥಿ ಯಾರೆಂದು ಈಗಲೂ ನೆನಪಿಲ್ಲ. ಆಮೇಲೆ ನಾಚಿಕೆಯಾಯಿತು.

2023ರಲ್ಲಿ ಲೇಬರ್‌ಗೆ ಸಿಕ್ಕಿದ್ದು 93ರಲ್ಲಿ 45 ಸ್ಥಾನ. ಸಭಾಧ್ಯಕ್ಷರ ಪೀಠ ಪೈಪರ್ ಅವರಿಗೆ ಹೋಯಿತು. ಪಕ್ಷಕ್ಕೆ ಗರಜು ಇತ್ತು, ಒಪ್ಪುತ್ತೇನೆ. ಆದರೆ ಪ್ರಶ್ನೋತ್ತರದ ನೇರಪ್ರಸಾರ ನೋಡಿ: ಮೂರು ಸಲ ಎಚ್ಚರಿಸಿದ ಮೇಲೂ ಕೂಗಾಡುವ ಸದಸ್ಯರನ್ನು ಸದನದಿಂದ ಹೊರಗೆ ಕಳುಹಿಸುವ ಅಧಿಕಾರ ಆ ಪೀಠದ್ದು. ಎರಡೂ ಕಡೆಯ ಪಕ್ಷದವರು ಅಲ್ಲಿ ಬಾಯಿ ಮುಚ್ಚಬೇಕಾಗಿರುವುದು ಪಕ್ಷವೇ ಇಲ್ಲದವರ ಮಾತಿಗೆ.

ಆ ನೇರಪ್ರಸಾರದ ಕೊಂಡಿಯನ್ನು ಹಿರಿಯರಿಗೆ ರಾತ್ರಿಯೇ ಕಳುಹಿಸಿದೆ. ನೀಲಿ ಗುರುತು ಬಿದ್ದಿದೆ, ಉತ್ತರವಿಲ್ಲ. ಮುಂದಿನ ಭಾನುವಾರ ಅವರ ಮನೆಯಲ್ಲಿ ಪುಳಿಯೋಗರೆಯಂತೆ. ಕರೆಯುತ್ತಾರೋ ಇಲ್ಲವೋ!