ಟನ್ನಿನ ಲೆಕ್ಕ ಕಡಲಿನ ಆರೋಗ್ಯ ಹೇಳುವುದಿಲ್ಲ

"ಈ ವರ್ಷ ಒಳ್ಳೆ ಮೀನು ಬಂದಿದೆ, ಕಡಲಿಗೇನೂ ಆಗಿಲ್ಲ" ಅನ್ನುವವರ ಜೊತೆ ನನಗೆ ಜಗಳವಿದೆ. ಮಲ್ಪೆ, ಮಂಗಳೂರಿನ ಧಕ್ಕೆಯಲ್ಲಿ (ಬೋಟುಗಳು ಮೀನು ಇಳಿಸುವ ಜಾಗ) ತೂಕಕ್ಕೆ ಹಾಕಿದರೆ ದೊಡ್ಡ ಗಾತ್ರದ ಅಂಜಲೂ ಮೀನೇ, ಮೀನು ಪುಡಿಮಾಡುವ ಫಿಶ್‌ಮಿಲ್ಲಿನ ಲಾರಿ ಹತ್ತುವ ಬೆರಳುದ್ದದ ಮರಿಯೂ ಮೀನೇ.

ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2022ರಲ್ಲಿ ದೇಶದ ಬೇರೆಬೇರೆ ಕಡೆಯ 135 ಮೀನು ದಾಸ್ತಾನುಗಳನ್ನು (ಒಂದು ಕಡಲ ಪ್ರದೇಶದಲ್ಲಿರುವ ಒಂದು ಜಾತಿಯ ಮೀನಿನ ಗುಂಪು) ಪರಿಶೀಲಿಸಿ, ಶೇ. 91.1ರಷ್ಟು ಆರೋಗ್ಯವಾಗಿವೆ ಎಂದಿತು. ಊರೂರಿನ ಧಕ್ಕೆಗಳಿಗೆ ಹೋಗಿ ಲೆಕ್ಕ ಬರೆಯುವ ಅವರ ದುಡಿಮೆ ದೊಡ್ಡದು. ಆದರೆ ಅದು ಒಂದೊಂದು ಮೀನನ್ನು ಬಿಡಿಯಾಗಿ ನೋಡಿದ ಲೆಕ್ಕ. ಅಂಜಲಿನ ಹೊಟ್ಟೆಗೆ ಬೂತಾಯಿ (ಸಾರ್ಡೀನ್) ಎಷ್ಟು ಉಳಿದಿದೆ, ಟ್ರಾಲ್ ಬಲೆ ಕೆರೆದ ತಳದಲ್ಲಿ ಏನು ಬದುಕಿದೆ ಎಂಬುದು ಆ ಶೇಕಡಾವಾರಿನಲ್ಲಿ ಸಿಗುವುದಿಲ್ಲ.

ಬೂತಾಯಿಯನ್ನೇ ನೋಡಿ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದು, 2021ರಲ್ಲಿ ಬರೀ 3,297 ಟನ್. ಹಿಡಿದವರದ್ದೇ ತಪ್ಪು ಎನ್ನಲಾರೆ. ಮಳೆ, ನೀರಿನ ಬಿಸಿ, ತಳದ ತಂಪು ನೀರು ಮೇಲೇಳುವ ಹೊತ್ತು, ಇವೆಲ್ಲ ಸೇರಿ ಮರಿಗಳ ಹಣೆಬರಹ ಬರೆಯುತ್ತವೆ. ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಬದುಕಿ ಉಳಿದ ಮರಿಯನ್ನು ದೊಡ್ಡದಾಗಲು ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ. ಕೇರಳ 2015ರಲ್ಲೇ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದು ಹಿಡಿಯಬಹುದಾದ ಕನಿಷ್ಠ ಗಾತ್ರ ಗೊತ್ತುಮಾಡಿತು.

ನಮ್ಮ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಒಳ್ಳೆಯ ನಿಯಮ. ಆದರೆ ಮಳೆಗಾಲದಲ್ಲಿ ಹುಟ್ಟಿದ ಮರಿ ಆಗಸ್ಟಿನಲ್ಲಿ ಸಣ್ಣ ಕಣ್ಣಿನ ಬಲೆಗೆ ಸಿಕ್ಕಿಬಿದ್ದರೆ ಆ ರಜೆಯ ಅರ್ಧ ಫಲ ಹೋಯಿತು. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್, ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಆದರೂ ನಾಡದೋಣಿಯವರು ಅದೇ ದೂರು ಹಿಡಿದು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿದೆ.

ಬೋಟಿನವರನ್ನಷ್ಟೇ ಬೈದರೆ ಅನ್ಯಾಯ. ಡೀಸೆಲ್, ಐಸ್, ಕಲಾಸಿಗಳ (ಬೋಟಿನ ಕೆಲಸಗಾರರ) ಪಾಲು ಕೊಡುವಾಗ ಫಿಶ್‌ಮಿಲ್ಲಿನ ಹಣವೂ ಬೇಕಾಗುತ್ತದೆ. ಪಕ್ಕದ ಬೋಟು ಮರಿ ತರುತ್ತಿರುವಾಗ ಒಬ್ಬನೇ ಬಿಟ್ಟುಬಂದರೆ ನಷ್ಟ ಅವನಿಗೇ.

ಅದಕ್ಕೇ ನಾನು ಕೇಳುವುದು: ತಪಾಸಣೆ ಫಿಶ್‌ಮಿಲ್ಲಿನ ಗೇಟಿನಲ್ಲೂ ನಡೆಯಲಿ. ಪ್ರತಿ ಲಾರಿಯಲ್ಲಿ ಯಾವ ಮೀನು, ಯಾವ ಗಾತ್ರ, ಎಷ್ಟು ತೂಕ, ಯಾವ ಧಕ್ಕೆಯಿಂದ ಬಂತು ಎಂದು ದಾಖಲಾಗಲಿ. ಮೀನುಗಾರಿಕೆ ಇಲಾಖೆ ಅದನ್ನು ತಿಂಗಳು ತಿಂಗಳು ಜನರ ಮುಂದೆ ಇಡಲಿ. ಮರಿಮೀನು ಖರೀದಿಸಿದ ಮಿಲ್ಲಿಗೂ ಬೋಟಿನಷ್ಟೇ ದಂಡ ಬೀಳಲಿ.