ಮಕ್ಕಳ ಬೆನ್ನಿನ ಡೊಂಕು ಅಳೆಯಲು ಫೋಟೋ ಬಳಸಬಹುದಾ?

ಪರ

ವಿಜಯಪುರದ ಕಡೆ ಮಗುವಿನ ಬೆನ್ನು ಡೊಂಕಾಗಿದೆ ಅಂತ ಮೊದಲು ಹೇಳೋದು ಎಷ್ಟೋ ಸಲ ಡಾಕ್ಟರ್ ಅಲ್ಲ, ಯೂನಿಫಾರ್ಮ್ ಹೊಲಿಯುವ ಟೇಲರ್. 'ಒಂದು ಹೆಗಲು ಇಳದೈತಿ ನೋಡ್ರಿ ಅಕ್ಕಾರ' ಅಂತಾನೆ. ಬೆನ್ನೆಲುಬು ಪಕ್ಕಕ್ಕೆ ಡೊಂಕಾಗುವ ಸ್ಕೋಲಿಯೋಸಿಸ್ ಹಾಗೇ. ಹತ್ತರಿಂದ ಹದಿನಾರರ ವಯಸ್ಸಿನ ನೂರು ಮಕ್ಕಳಲ್ಲಿ 2-3 ಮಂದಿಗೆ ಇರುತ್ತದೆ. ಬಹಳಷ್ಟು ಮಕ್ಕಳಿಗೆ ನೋವೇ ಇರುವುದಿಲ್ಲ. ನೋವಿಲ್ಲದ್ದನ್ನು ತೋರಿಸೋಕೆ ಯಾರು ಹೋಗ್ತಾರೆ?

ಡೊಂಕು ಹೆಚ್ಚದಂತೆ ಮೈಗೆ ಕಟ್ಟುವ ಬೆಲ್ಟ್ ಕೆಲಸ ಮಾಡುವುದು ಎಲುಬು ಬೆಳೆಯುತ್ತಿರುವಾಗ ಮಾತ್ರ. ಮೈನೆರೆಯುವ ಹೊತ್ತಿನಲ್ಲಿ ಡೊಂಕು ಬೇಗ ಹೆಚ್ಚುತ್ತದೆ, ಆಮೇಲೆ ಗೊತ್ತಾದರೆ ಅರ್ಧ ಅವಕಾಶ ಹೋದಂತೆಯೇ. ಫೋಟೋ ಇಲ್ಲಿ ನೆರವಾಗುತ್ತದೆ. ಬೆನ್ನು ತೋರಿಸಿ ನೆಟ್ಟಗೆ ನಿಂತದ್ದು ಒಂದು. ಕೈ ಜೋಡಿಸಿ ಮುಂದಕ್ಕೆ ಬಾಗಿದ್ದು ಇನ್ನೊಂದು. ಬಾಗಿದಾಗ ಒಂದು ಕಡೆ ಪಕ್ಕೆಲುಬು ದಿಬ್ಬದಂತೆ ಎದ್ದು ಕಾಣುತ್ತದೆ. ಈ ಪರೀಕ್ಷೆ 1865ರಷ್ಟು ಹಳೆಯದು, ಆಡಮ್ಸ್ ಎಂಬ ಇಂಗ್ಲಿಷ್ ವೈದ್ಯನದು. ನಿಂತ ಚಿತ್ರದಲ್ಲಿ ಹೆಗಲು, ಕಂಕುಳು, ಸೊಂಟದ ಎಡ-ಬಲ ಹೋಲಿಸಿ ಅಂಕಿ ತೆಗೆಯುವ ಕ್ರಮವೂ ಇದೆ, ಅದಕ್ಕೆ ಪೋಟ್ಸಿ ಅಂತಾರೆ. ಎರಡೂ ಕಡೆ ಪೂರಾ ಸಮ ಇದ್ದರೆ ಸೊನ್ನೆ.

ಇನ್ನು ಎಕ್ಸ್-ರೇ. ಡೊಂಕು ಇದ್ದರೆ ಬೆಳವಣಿಗೆ ಮುಗಿಯುವವರೆಗೆ ಮತ್ತೆ ಮತ್ತೆ ತೆಗೆಸಬೇಕು. ಪ್ರತಿ ಸಲವೂ ಎಳೆಯ ಮೈಗೆ ಒಂದಿಷ್ಟು ವಿಕಿರಣ. ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಬರುವವರಿಗೆ ಬಸ್ ಚಾರ್ಜಿನ ಜೊತೆ ಒಂದು ದಿನದ ಪಗಾರವೂ ಹೋಗುತ್ತದೆ. ನಡುವಿನ ತಿಂಗಳುಗಳಲ್ಲಿ ಅದೇ ಗೋಡೆ ಮುಂದೆ ತೆಗೆದ ಫೋಟೋ ಡಾಕ್ಟರಿಗೆ ಸಿಕ್ಕರೆ, ಯಾರನ್ನು ಬೇಗ ಕರೆಸಬೇಕು ಅಂತಾದರೂ ಗೊತ್ತಾಗುತ್ತದೆ ಅಲ್ವಾ?

ವಿರೋಧ

ಫೋಟೋ ಚರ್ಮ ತೋರಿಸುತ್ತದೆ, ಎಲುಬನ್ನಲ್ಲ. ಸ್ಕೋಲಿಯೋಸಿಸ್ ಅಂತ ಕರೆಯಬೇಕಾದರೆ ನಿಂತು ತೆಗೆಸಿದ ಎಕ್ಸ್-ರೇಯಲ್ಲಿ ಡೊಂಕಿನ ಅಳತೆಯಾದ ಕಾಬ್ ಕೋನ ಕನಿಷ್ಠ 10 ಡಿಗ್ರಿ ಇರಬೇಕು. 25 ದಾಟಿ ಇನ್ನೂ ಬೆಳೆಯುವ ಮಗುವಾದರೆ ಬೆಲ್ಟಿನ ಮಾತು, 50 ಮುಟ್ಟಿದರೆ ಆಪರೇಷನ್ನಿನದು. 20ಕ್ಕೂ 30ಕ್ಕೂ ಇರುವ ವ್ಯತ್ಯಾಸವನ್ನು ಫೋಟೋದಿಂದ ಹೇಳೋಕಾಗಲ್ಲ, ನಿರ್ಧಾರ ನಿಂತಿರೋದು ಅಲ್ಲೇ.

ಮೋಸ ಹೋಗೋದೂ ಸುಲಭ. ಮೊಬೈಲ್ ಸ್ವಲ್ಪ ವಾರೆಯಾದರೆ, ಹುಡುಗ ಒಂದೇ ಕಾಲಿಗೆ ಭಾರ ಕೊಟ್ಟು ನಿಂತರೆ ಹೆಗಲು ಡೊಂಕಾಗಿ ಕಾಣುತ್ತದೆ. ಒಂದು ಕಾಲು ಗಿಡ್ಡ ಇದ್ದರೂ ಅಷ್ಟೇ. ಮೈ ತುಂಬಿಕೊಂಡ ಮಗುವಿನಲ್ಲಿ ಆ ದಿಬ್ಬ ಮುಚ್ಚಿಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎಸ್ ಆಕಾರದ ಡೊಂಕು: ಮೇಲಿನದು ಬಲಕ್ಕೆ, ಕೆಳಗಿನದು ಎಡಕ್ಕೆ, ಹೆಗಲು ಮಾತ್ರ ಸಮ. 'ಫೋಟೋದಾಗ ಚಲೋನೇ ಐತಲ್ಲ' ಅಂತ ಮನೆಯವರು ಸುಮ್ನೆ ಕೂತುಬಿಡ್ತಾರೆ. ಡೊಂಕು ಬೆಳೆಯುತ್ತಲೇ ಇರುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಕಾಡೋದು ಬೇರೆ. ಚಿಕಿತ್ಸೆ ಬೇಕಾಗುವಷ್ಟು ಡೊಂಕು ಬೆಳೆಯುವುದು ಹೆಚ್ಚಾಗಿ ಹುಡುಗಿಯರಲ್ಲಿ. ಹನ್ನೆರಡು-ಹದಿಮೂರರ ಹುಡುಗಿ ಬೆನ್ನ ಮೇಲಿನ ಬಟ್ಟೆ ತೆಗೆದು ನಿಲ್ಲಬೇಕು. ತೆಗೆಯೋರು ಯಾರು, ಯಾರ ಫೋನಿನಲ್ಲಿ? ಶಾಲೆಯಲ್ಲಾದರೆ ಆ ಚಿತ್ರ ಯಾವ ವಾಟ್ಸಾಪ್ ಗುಂಪಿಗೆ ಹೋಗುತ್ತದೋ, ಗ್ಯಾಲರಿಯಲ್ಲಿ ಎಷ್ಟು ವರ್ಷ ಉಳಿಯುತ್ತದೋ. ಮನೆಯ ಫೋನಾದರೂ ಅಣ್ಣ-ತಮ್ಮಂದಿರ ಕೈಲೇ ಇರುತ್ತದೆ. ತಾಯಿ-ತಂದೆ ಒಪ್ಪಿ ಸಹಿ ಹಾಕಿದರೂ ಹುಡುಗಿಯ ನಾಚಿಕೆ ಹೋಗಲ್ಲ.

ಕ್ಯಾಮೆರಾ ಇಲ್ಲದೆಯೇ ಆಗುವ ಕೆಲಸ ಇದು. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ತಂಡದ ನರ್ಸ್ ಬಾಗಿಲು ಹಾಕಿಕೊಂಡು, ಬಾಗಿದ ಬೆನ್ನಿನ ಮೇಲೆ ಸ್ಕೋಲಿಯೋಮೀಟರ್ (ಒಳಗೆ ಗುಂಡು ಸರಿದು ಬೆನ್ನಿನ ಓರೆ ತೋರಿಸುವ ಪುಟ್ಟ ಸಾಧನ) ಇಟ್ಟರೆ ಮುಗೀತು. ಗುಂಡು 5-7 ಡಿಗ್ರಿ ಮುಟ್ಟಿದರೆ ಮೂಳೆ ಡಾಕ್ಟರಿಗೆ ಚೀಟಿ. ಚೀಟಿಯಲ್ಲಿ ಇರೋದು ಒಂದು ಅಂಕಿ, ಅಷ್ಟೇ.